ಬಿಸಿಗೆ ಸಡಿಲುವ ಬಿಗಿ

ಎತ್ತಿನ ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಹಾಕುವ ದಿನ ಹಳ್ಳಿಯ ಕುಲುಮೆಯ ಮುಂದೆ ಮಕ್ಕಳುಮರಿಯೆಲ್ಲ ಸೇರುವ ಕಾಲವೊಂದಿತ್ತು. ಬಡಗಿ ಮಾಡಿಕೊಟ್ಟ ಮರದ ಗಾಲಿ ಒಂದು ಕಡೆ. ಅದರ ಸುತ್ತಳತೆಗಿಂತ ಒಂದಿಷ್ಟು ಕಡಿಮೆ ಅಳತೆಗೆ ಕಮ್ಮಾರ ಬಾಗಿಸಿ ಬೆಸೆದ ಕಬ್ಬಿಣದ ಬಳೆ ಇನ್ನೊಂದು ಕಡೆ. ಬಳೆಯ ಸುತ್ತ ಬೆರಣಿ ಒಟ್ಟಿ ಬೆಂಕಿ ಹಾಕುತ್ತಿದ್ದರು. ಕಬ್ಬಿಣ ಕೆಂಪಗೆ ಕಾದ ಮೇಲೆ ಮೂರು ನಾಲ್ಕು ಜನ ಇಕ್ಕಳದಲ್ಲಿ ಹಿಡಿದು ತಂದು ಗಾಲಿಯ ಮೇಲೆ ಕೂರಿಸಿ ಸುತ್ತಿಗೆಯಿಂದ ಬಡಿದು ಇಳಿಸುವುದು, ಮರ ಹೊತ್ತಿಕೊಳ್ಳುವ ಮೊದಲೇ ಕೊಡಗಟ್ಟಲೆ ನೀರು ಸುರಿಯುವುದು. ಹಬೆ ಏಳುತ್ತಿದ್ದಂತೆ ಗಾಲಿಯ ಕೀಲುಗಳು ಕಿರಗುಟ್ಟುತ್ತ ಒಂದಕ್ಕೊಂದು ಬಿಗಿದುಕೊಳ್ಳುವ ಸದ್ದು ಸುತ್ತಲಿನವರಿಗೆಲ್ಲ ಕೇಳುತ್ತಿತ್ತು. ಮೊಳೆಯಿಲ್ಲದೆ, ತಿರುಪಿಲ್ಲದೆ ಆ ಪಟ್ಟಿ ವರ್ಷಗಟ್ಟಲೆ ಕಲ್ಲುಮಣ್ಣಿನ ದಾರಿಯನ್ನು ತಾಳಿಕೊಳ್ಳುತ್ತಿತ್ತು.

ಕಾದರೆ ಹಿಗ್ಗುವುದು, ತಣಿದರೆ ಕುಗ್ಗುವುದು ಲೋಹದ ಸ್ವಭಾವ. ಉಕ್ಕು ಪ್ರತಿ ಡಿಗ್ರಿ ಸೆಲ್ಸಿಯಸ್ ಬಿಸಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಪಾಲು ಬೆಳೆಯುತ್ತದೆ. ಕೇಳುವುದಕ್ಕೆ ಇದು ಏನೂ ಅಲ್ಲವೆನಿಸಬಹುದು. ಆದರೆ 14 ಅಡಿ ಸುತ್ತಳತೆಯ ಗಾಲಿಪಟ್ಟಿ 600 ಡಿಗ್ರಿಯಷ್ಟು ಕಾದರೆ ಅದರ ಸುತ್ತಳತೆ ಸುಮಾರು 3 ಸೆಂಟಿಮೀಟರ್ ಹೆಚ್ಚುತ್ತದೆ. ಕಮ್ಮಾರನ ವಿದ್ಯೆಯೆಲ್ಲ ನಿಂತಿದ್ದುದು ಈ ಮೂರು ಸೆಂಟಿಮೀಟರಿನ ಲೆಕ್ಕದ ಮೇಲೆ.

ಗಾಡಿಯ ಗಾಲಿಯನ್ನು ಬಿಗಿಮಾಡಿದ ಇದೇ ನಿಯಮ ಮೋಟಾರು ವಾಹನದ ಎಂಜಿನ್ನಿನಲ್ಲಿ ಬಿಗಿಯನ್ನು ಕಳಚುವ ಕೆಲಸ ಮಾಡುತ್ತದೆ ಎಂಬುದು ವಿಚಿತ್ರವಾದರೂ ನಿಜ. ಎಂಜಿನ್ನಿನಿಂದ ಹೊಗೆ ಹೊರಬರುವ ಜಾಗದಲ್ಲಿ ಕೊಳವೆಯನ್ನು ಹಿಡಿದಿರುವ ನಟ್ಟುಬೋಲ್ಟುಗಳು ಬೇರೆಲ್ಲ ಕಡೆಗಿಂತ ಬೇಗ ಸಡಿಲಗೊಳ್ಳುತ್ತವೆ, ಇಲ್ಲವೇ ಸ್ಪ್ಯಾನರಿಗೂ ಜಗ್ಗದಷ್ಟು ಕಚ್ಚಿಕೊಳ್ಳುತ್ತವೆ. ಹೆದ್ದಾರಿಯ ಪಕ್ಕದ ಯಾವ ಮೆಕ್ಯಾನಿಕ್ಕನನ್ನು ಕೇಳಿದರೂ ಈ ಮಾತಿಗೆ ತಲೆದೂಗುತ್ತಾನೆ. ಬಿಗಿದದ್ದು ಬಿಗಿದಂತೆಯೇ ಇರಬೇಕಾದರೆ ಏನು ಮಾಡಬೇಕು ಎಂಬ ಪ್ರಶ್ನೆ ಸಣ್ಣದಾಗಿ ಕಂಡರೂ ಅದರ ಹಿಂದೆ ಇನ್ನೂರು ವರ್ಷಗಳ ಯಂತ್ರವಿದ್ಯೆಯ ಚರಿತ್ರೆಯಿದೆ. ಎಷ್ಟೋ ಸಲ ಮನುಷ್ಯರ ಪ್ರಾಣದ ಪ್ರಶ್ನೆಯೂ ಇದೆ.

ತಿರುಪಿನ ಕಥೆ

ಹದಿನೆಂಟನೆಯ ಶತಮಾನದವರೆಗೂ ಯುರೋಪಿನಲ್ಲಿ ಪ್ರತಿಯೊಂದು ನಟ್ಟು ತನ್ನದೇ ಬೋಲ್ಟಿಗೆ ಮಾತ್ರ ಹೊಂದುತ್ತಿತ್ತು. ಕುಶಲಕರ್ಮಿ ಒಂದೊಂದು ಜೋಡಿಯನ್ನೂ ಕೈಯಿಂದ ಅರೆದು ಮಾಡುತ್ತಿದ್ದ. ಯಂತ್ರ ಬಿಚ್ಚುವಾಗ ಯಾವ ನಟ್ಟು ಯಾವ ಬೋಲ್ಟಿನದು ಎಂದು ಗುರುತು ಹಾಕಿಡದಿದ್ದರೆ ಮತ್ತೆ ಜೋಡಿಸುವುದು ಕಷ್ಟ. ಲಂಡನ್ನಿನ ಹೆನ್ರಿ ಮಾಡ್ಸ್ಲೆ 1800ರ ಆಸುಪಾಸಿನಲ್ಲಿ ನಿಖರವಾಗಿ ತಿರುಪಿನ ಎಳೆ ಕೊರೆಯುವ ಲೇತನ್ನು ಬಳಕೆಗೆ ತಂದ. ಅವನ ಕಾರ್ಯಾಗಾರದಲ್ಲಿ ದುಡಿದು ಬೆಳೆದ ಜೋಸೆಫ್ ವಿಟ್ವರ್ತ್ ಬ್ರಿಟನ್ನಿನ ಹಲವು ಕಾರ್ಖಾನೆಗಳಿಂದ ಬೋಲ್ಟುಗಳನ್ನು ತರಿಸಿ, ಅಳೆದು, ಸರಾಸರಿ ತೆಗೆದು, 1841ರಲ್ಲಿ ಎಳೆಗಳಿಗೆ 55 ಡಿಗ್ರಿ ಕೋನದ ಒಂದು ಮಾನಕವನ್ನು ಮುಂದಿಟ್ಟ. 1864ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ವಿಲಿಯಂ ಸೆಲರ್ಸ್ ಮಾಡಲು ಇನ್ನೂ ಸುಲಭವಾದ 60 ಡಿಗ್ರಿಯ ಎಳೆಯನ್ನು ಸೂಚಿಸಿದ. ಎರಡು ದೇಶಗಳ ಈ ಐದು ಡಿಗ್ರಿಯ ವ್ಯತ್ಯಾಸ ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳನ್ನು ಪೇಚಿಗೆ ಸಿಕ್ಕಿಸಿತು. ಒಬ್ಬರ ನಟ್ಟು ಇನ್ನೊಬ್ಬರ ಬೋಲ್ಟಿಗೆ ಕೂರುತ್ತಿರಲಿಲ್ಲ. ಅಮೆರಿಕ, ಬ್ರಿಟನ್, ಕೆನಡಾಗಳು 1948ರಲ್ಲಿ ಒಪ್ಪಂದ ಮಾಡಿಕೊಂಡು ಏಕರೂಪದ ಎಳೆಗೆ ಬಂದವು. ಮುಂದೆ ಬಹುಪಾಲು ಜಗತ್ತು ಮೆಟ್ರಿಕ್ ಅಳತೆಗೆ ತಿರುಗಿತು.

ಯಾವ ನಟ್ಟಾದರೂ ಯಾವ ಬೋಲ್ಟಿಗಾದರೂ ಹೊಂದುವಂತಾದಾಗ ಹೊಸದೊಂದು ತೊಂದರೆ ಎದ್ದು ಕಾಣತೊಡಗಿತು. ಸಲೀಸಾಗಿ ತಿರುಗಿ ಕೂರುವ ನಟ್ಟು ಅಷ್ಟೇ ಸಲೀಸಾಗಿ ತಿರುಗಿ ಬಿಚ್ಚಿಕೊಳ್ಳಲೂಬಹುದು. ಅದರಲ್ಲೂ ಉಗಿಯಂತ್ರದ ಜಾಗಕ್ಕೆ ವೇಗವಾಗಿ ಅದುರುವ ಪೆಟ್ರೋಲ್ ಎಂಜಿನ್ ಬಂದ ಮೇಲೆ.

ಇದಕ್ಕೆ ಒಂದು ಪ್ರಸಿದ್ಧ ಉದಾಹರಣೆ 1903ರ ನವೆಂಬರಿನದು. ಅಮೆರಿಕದ ಕಿಟಿ ಹಾಕ್ ಎಂಬ ಕಡಲತೀರದಲ್ಲಿ ರೈಟ್ ಸೋದರರು ತಮ್ಮ ವಿಮಾನವನ್ನು ಸಿದ್ಧಪಡಿಸುತ್ತಿದ್ದರು. ಎಂಜಿನ್ ಒಂದೇ ಸಮ ಓಡದೆ ಜಗ್ಗಿ ಜಗ್ಗಿ ಓಡುತ್ತಿದ್ದುದರಿಂದ ಪ್ರೊಪೆಲರ್ ದಂಡಕ್ಕೆ ಹಲ್ಲುಚಕ್ರವನ್ನು ಹಿಡಿದಿದ್ದ ನಟ್ಟುಗಳು ಎಷ್ಟು ಬಿಗಿದರೂ ಸಡಿಲವಾಗುತ್ತಿದ್ದವು. ಸೈಕಲ್ ಅಂಗಡಿ ನಡೆಸಿದ ಅನುಭವ ಅವರ ನೆರವಿಗೆ ಬಂತು. ಸೈಕಲ್ ಟೈರನ್ನು ರಿಮ್ಮಿಗೆ ಅಂಟಿಸುವ ಗಟ್ಟಿ ಅಂಟನ್ನು ಕಾಯಿಸಿ, ದಂಡದ ಎಳೆಗಳಿಗೆ ಕರಗಿಸಿ ಹಾಕಿ ನಟ್ಟನ್ನು ತಿರುಪಿದರು. ಅಂಟು ಆರಿ ಗಟ್ಟಿಯಾಯಿತು, ನಟ್ಟು ನಿಂತಿತು. ಡಿಸೆಂಬರ್ 17ರಂದು ವಿಮಾನ ಹಾರಿತು. ಆದರೆ ಈ ಉಪಾಯ ಫಲಿಸಿದ್ದು ಆ ಜಾಗ ತಣ್ಣಗಿದ್ದುದರಿಂದ. ಕಾಯಿಸಿದರೆ ಕರಗುವ ಅಂಟು ಹೊಗೆಕೊಳವೆಯ ಬಳಿ ಅರೆಗಳಿಗೆಯೂ ನಿಲ್ಲುತ್ತಿರಲಿಲ್ಲ.

ತಲೆಗೂದಲಿನ ದಪ್ಪ

ಬಿಸಿಯಲ್ಲಿ ಬಿಗಿ ಏಕೆ ಹೋಗುತ್ತದೆ ಎಂದು ತಿಳಿಯಬೇಕಾದರೆ ಮೊದಲು ಬಿಗಿ ಎಂದರೇನು ಎಂದು ತಿಳಿಯಬೇಕು. ಬೋಲ್ಟು ಎಂದರೆ ತಲೆಯಿರುವ ಮೊಳೆ ಎಂದೇ ಹಲವರ ಭಾವನೆ. ನಿಜವಾಗಿ ಅದು ಒಂದು ಸ್ಪ್ರಿಂಗು. ನಟ್ಟನ್ನು ತಿರುಪಿದಂತೆಲ್ಲ ಬೋಲ್ಟು ಕಣ್ಣಿಗೆ ಕಾಣದಷ್ಟು ಉದ್ದವಾಗಿ ಹಿಗ್ಗುತ್ತದೆ. ಹಿಗ್ಗಿದ ಉಕ್ಕು ಮೊದಲಿನ ಉದ್ದಕ್ಕೆ ಮರಳಲು ಎಳೆಯುತ್ತದೆ. ಈ ಎಳೆತವೇ ಎರಡು ಲೋಹದ ತುಂಡುಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುವ ಶಕ್ತಿ.

ಸಾಮಾನ್ಯ ಕಾರಿನ ಹೊಗೆಕೊಳವೆಯನ್ನು ಎಂಜಿನ್ನಿಗೆ ಹಿಡಿಯುವ ಸ್ಟಡ್ ಎಂಬ ತಲೆಯಿಲ್ಲದ ಬೋಲ್ಟಿನ ದಪ್ಪ ಅನೇಕ ವೇಳೆ 8 ಮಿಲಿಮೀಟರ್. 20 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ 12 ಕಿಲೋ ಭಾರದಷ್ಟು ಒತ್ತಿದರೆ ಆ ಸ್ಟಡ್ಡು ಸುಮಾರು ಒಂದೂವರೆ ಟನ್ ಬಲದಿಂದ ಎಳೆದು ಹಿಡಿಯುತ್ತದೆ. ಕೈಯ ಬಲದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನಟ್ಟಿನ ಬುಡದ ಮತ್ತು ಎಳೆಗಳ ತಿಕ್ಕಾಟಕ್ಕೇ ಖರ್ಚಾಗಿ, ಒಂದು ಪಾಲು ಮಾತ್ರ ಬೋಲ್ಟನ್ನು ಹಿಗ್ಗಿಸುತ್ತದೆ. ಆದರೂ ಇಷ್ಟು ದೊಡ್ಡ ಬಲ. ಆದರೆ ಆಗ ಆ ಸ್ಟಡ್ಡು ಹಿಗ್ಗಿರುವುದೆಷ್ಟು? ಹಿಡಿತದ ಉದ್ದ 40 ಮಿಲಿಮೀಟರ್ ಎಂದಿಟ್ಟುಕೊಂಡರೆ ಲೆಕ್ಕಕ್ಕೆ ಬರುವುದು 0.08 ಮಿಲಿಮೀಟರ್. ಒಂದು ತಲೆಗೂದಲಿನ ದಪ್ಪ ಅಷ್ಟೆ!

ಒಂದೂವರೆ ಟನ್ ಬಲ ನಿಂತಿರುವುದು ಒಂದು ಕೂದಲೆಳೆಯ ಮೇಲೆ ಎಂಬುದನ್ನು ಮನದಟ್ಟು ಮಾಡಿಕೊಂಡರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ. ನಟ್ಟು ಒಂದಿಷ್ಟೂ ತಿರುಗದಿದ್ದರೂ, ನಡುವಿನ ಗ್ಯಾಸ್ಕೆಟ್ಟು ಕೂದಲೆಳೆಯಷ್ಟು ತಗ್ಗಿದರೆ ಬಿಗಿಯೆಲ್ಲ ಮಾಯ. ಬಣ್ಣ, ತುಕ್ಕು, ಮಸಿ ನಡುವೆ ಸಿಕ್ಕಿಕೊಂಡಿದ್ದು ಆಮೇಲೆ ಸುಟ್ಟು ಉದುರಿದರೂ ಅದೇ ಗತಿ. ಆದ್ದರಿಂದ ಸಡಿಲವಾಗುವುದರಲ್ಲಿ ಎರಡು ಬಗೆ. ಒಂದು, ನಟ್ಟು ತಿರುಗಿ ಬಿಚ್ಚಿಕೊಳ್ಳುವುದು. ಇನ್ನೊಂದು, ನಟ್ಟು ಇದ್ದಲ್ಲೇ ಇದ್ದು ಬೋಲ್ಟಿನ ಎಳೆತ ಹೋಗುವುದು. ಹೊಗೆಕೊಳವೆಯಲ್ಲಿ ಸಾಮಾನ್ಯವಾಗಿ ಎರಡನೆಯದು ಮೊದಲು ನಡೆದು ಒಂದನೆಯದಕ್ಕೆ ದಾರಿ ಮಾಡಿಕೊಡುತ್ತದೆ.

ಬಿಸಿಯ ಮೂರು ಪೆಟ್ಟು

ಪೆಟ್ರೋಲ್ ಎಂಜಿನ್ ಪೂರ್ಣ ಬಲದಲ್ಲಿ ದುಡಿಯುವಾಗ ಸಿಲಿಂಡರಿನಿಂದ ಹೊರಬೀಳುವ ಅನಿಲದ ಬಿಸಿ 800ರಿಂದ 900 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಡೀಸೆಲ್ಲಿನಲ್ಲಿ ಇದು ಸ್ವಲ್ಪ ಕಡಿಮೆ. ಘಾಟಿ ಹತ್ತಿದ ಲಾರಿಯ ಎಂಜಿನ್ನಿನಲ್ಲಿ ಕತ್ತಲಲ್ಲಿ ನೋಡಿದರೆ ಮ್ಯಾನಿಫೋಲ್ಡ್ ಎಂಬ ಕವಲುಕೊಳವೆ ಮಂದವಾಗಿ ಕೆಂಪಾಗಿರುವುದುಂಟು. ಎಂಜಿನ್ ನಿಲ್ಲಿಸಿದ ಮೇಲೆ ಅದು ಮತ್ತೆ ಊರಿನ ಹವೆಯಷ್ಟು ತಣ್ಣಗಾಗಬೇಕು. ದಿನಕ್ಕೆ ಹಲವು ಸಲ ಈ ಏರಿಳಿತ.

ಮೊದಲನೆಯ ಪೆಟ್ಟು ಬೇರೆ ಬೇರೆ ಲೋಹಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವುದು. ಎರಕದ ಕಬ್ಬಿಣ ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 11 ಪಾಲು ಬೆಳೆದರೆ, ತುಕ್ಕು ಹಿಡಿಯದೆಂದು ನಾವು ಮೆಚ್ಚುವ ಸಾಮಾನ್ಯ ಸ್ಟೇನ್‌ಲೆಸ್ ಉಕ್ಕು 17 ಪಾಲು ಬೆಳೆಯುತ್ತದೆ. ಎರಕದ ಕಬ್ಬಿಣದ ಕೊಳವೆಗೆ ಅಂದವಾಗಿರಲೆಂದು ಸ್ಟೇನ್‌ಲೆಸ್ ಬೋಲ್ಟು ಹಾಕಿದರೆ ಏನಾಗುತ್ತದೆ? ನಮ್ಮ 40 ಮಿಲಿಮೀಟರಿನ ಉದಾಹರಣೆಯಲ್ಲಿ ಎರಡೂ 400 ಡಿಗ್ರಿಯಷ್ಟು ಕಾದಾಗ ಬೋಲ್ಟು ಕಬ್ಬಿಣಕ್ಕಿಂತ 0.096 ಮಿಲಿಮೀಟರ್ ಹೆಚ್ಚು ಬೆಳೆದಿರುತ್ತದೆ. ಬಿಗಿದಾಗ ಹಿಗ್ಗಿದ್ದು 0.08. ಎಂದರೆ ಎಳೆತವೆಲ್ಲ ಕರಗಿ, ಕೊಳವೆ ಬಿಸಿಯಾಗಿರುವಷ್ಟು ಹೊತ್ತೂ ಬೋಲ್ಟು ಸುಮ್ಮನೆ ತೂಗಾಡುತ್ತಿರುತ್ತದೆ. ತಣ್ಣಗಾದ ಮೇಲೆ ಮುಟ್ಟಿ ನೋಡಿದವನಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಕೂಡುವ ಲೋಹಗಳ ಹಿಗ್ಗುವಿಕೆ ಹತ್ತಿರ ಹತ್ತಿರ ಇರುವಂತೆ ನೋಡಿಕೊಳ್ಳುವುದು ಈ ಕಾರಣದಿಂದ ಮೊದಲ ಪಾಠ.

ಎರಡನೆಯ ಪೆಟ್ಟು ಲೋಹದ ದಣಿವು. ಕಾದ ಉಕ್ಕಿನ ಮೇಲೆ ನಿರಂತರ ಎಳೆತವಿದ್ದರೆ ಅದು ಮೆಲ್ಲಗೆ, ಶಾಶ್ವತವಾಗಿ ಉದ್ದವಾಗುತ್ತ ಹೋಗುತ್ತದೆ. ಉಪ್ಪಿನಕಾಯಿ ಜಾಡಿಗೆ ಕಟ್ಟಿದ ರಬ್ಬರ್ ಪಟ್ಟಿ ತಿಂಗಳುಗಳಾದ ಮೇಲೆ ಜೋತುಬೀಳುವಂತೆ ಎನ್ನಬಹುದು. ಸಾಮಾನ್ಯ ಉಕ್ಕಿಗೆ 400 ಡಿಗ್ರಿಯ ಆಚೆಗೆ ಈ ಕಾಯಿಲೆ ಜೋರಾಗುತ್ತದೆ. ಅದಕ್ಕಾಗಿಯೇ ಅತಿ ಬಿಸಿಯ ಜಾಗಗಳಲ್ಲಿ ಕ್ರೋಮಿಯಂ, ಮಾಲಿಬ್ಡಿನಂ ಸೇರಿದ ಉಕ್ಕನ್ನೂ, ಜೆಟ್ ಎಂಜಿನ್ನಿನಂಥ ಕಡೆ ನಿಕಲ್ ಪ್ರಧಾನವಾದ ಮಿಶ್ರಲೋಹಗಳನ್ನೂ ಬಳಸುತ್ತಾರೆ.

ಮೂರನೆಯ ಪೆಟ್ಟು ಜಾರಾಟ. ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ಕೂಡಿಸಿದ 45 ಸೆಂಟಿಮೀಟರ್ ಉದ್ದದ ಎರಕದ ಕೊಳವೆ 500 ಡಿಗ್ರಿಯಷ್ಟು ಕಾದರೆ ಸುಮಾರು ಎರಡೂವರೆ ಮಿಲಿಮೀಟರ್ ಉದ್ದವಾಗುತ್ತದೆ. ಅದನ್ನು ಹಿಡಿದಿರುವ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ಡು ನೀರಿನಿಂದ ತಣ್ಣಗಿರುವ ಕಾರಣ ಒಂದು ಮಿಲಿಮೀಟರಿಗಿಂತ ಕಡಿಮೆ ಬೆಳೆಯುತ್ತದೆ. ಉಳಿದ ಒಂದೂವರೆ ಮಿಲಿಮೀಟರಿಗೂ ಮಿಕ್ಕ ಅಂತರವನ್ನು ಯಾರಾದರೂ ತಾಳಿಕೊಳ್ಳಲೇಬೇಕು. ಕೊಳವೆಯ ಎರಡು ತುದಿಗಳು ಹೆಡ್ಡಿನ ಮೇಲೆ ಅತ್ತಿತ್ತ ಜಾರುತ್ತವೆ, ತುದಿಯ ಸ್ಟಡ್ಡುಗಳು ಬಾಗುತ್ತವೆ. ಮುರಿದು ಬೀಳುವ ಸ್ಟಡ್ಡು ಬಹುತೇಕ ತುದಿಯದೇ ಆಗಿರುವುದು ಕಾಕತಾಳೀಯವಲ್ಲ.

ಯುಂಕರ್ ಕಂಡದ್ದು

ಅದುರಾಟದಿಂದ ನಟ್ಟು ಬಿಚ್ಚಿಕೊಳ್ಳುತ್ತದೆಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಯಾವ ಬಗೆಯ ಅದುರಾಟ ಎಂಬುದನ್ನು ಖಚಿತವಾಗಿ ತೋರಿಸಿದವನು ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್. 1969ರಲ್ಲಿ ಪ್ರಕಟವಾದ ಅವನ ಪ್ರಯೋಗಗಳ ಪ್ರಕಾರ, ಬೋಲ್ಟಿನ ಉದ್ದಕ್ಕೆ ಮೇಲೆ ಕೆಳಗೆ ಆಗುವ ಅದುರಾಟಕ್ಕಿಂತ ಅಡ್ಡಡ್ಡವಾಗಿ ಆಗುವ ಜಾರಾಟವೇ ಬಹುದೊಡ್ಡ ಶತ್ರು.

ಇದರ ಗುಟ್ಟು ಸರಳವಾದದ್ದು. ತಿರುಪಿನ ಎಳೆ ಎಂದರೆ ಸುತ್ತಿಕೊಂಡ ಇಳಿಜಾರು. ಓರೆಯಾಗಿಟ್ಟ ಹಲಗೆಯ ಮೇಲೆ ಒಂದು ಪೆಟ್ಟಿಗೆ ಇದೆ ಎಂದುಕೊಳ್ಳೋಣ. ತಿಕ್ಕಾಟ ಹಿಡಿದಿರುವುದರಿಂದ ಅದು ಜಾರುವುದಿಲ್ಲ. ಈಗ ಅದನ್ನು ಕೆಳಕ್ಕಲ್ಲ, ಪಕ್ಕಕ್ಕೆ ತಳ್ಳಿ ನೋಡಿ. ಪಕ್ಕಕ್ಕೆ ಸರಿಯುವುದರ ಜೊತೆಗೆ ಕೆಳಕ್ಕೂ ಜಾರಿಬಿಡುತ್ತದೆ. ಒಂದು ದಿಕ್ಕಿನಲ್ಲಿ ತಿಕ್ಕಾಟ ಸೋತರೆ ಎಲ್ಲ ದಿಕ್ಕಿನಲ್ಲೂ ಸೋತಂತೆ. ಎಳೆಗಳ ಮೇಲೆ ಕೂತ ನಟ್ಟಿನ ಕಥೆಯೂ ಇದೇ. ಪ್ರತಿಯೊಂದು ಅಡ್ಡ ಜಾರಿಕೆಯಲ್ಲೂ ಅದು ಇಷ್ಟಿಷ್ಟೇ ಇಳಿಯುತ್ತದೆ.

ಆದ್ದರಿಂದ ಒತ್ತಿ ಹಿಡಿಯುವ ಬಲ ಸಾಕಷ್ಟಿದ್ದು ಎರಡು ಮುಖಗಳು ಜಾರದಿದ್ದರೆ ನಟ್ಟು ತಿರುಗುವುದೇ ಇಲ್ಲ. ಬಿಸಿಯಿಂದ ಬಲ ಕುಂದಿ ಜಾರಾಟ ಶುರುವಾದರೆ ಮಾತ್ರ ಅದುರಾಟಕ್ಕೆ ಬಾಗಿಲು ತೆರೆಯುತ್ತದೆ. ಬಿಸಿ ಮತ್ತು ಅದುರಾಟ ಎರಡೂ ಒಟ್ಟಿಗಿರುವ ಹೊಗೆಕೊಳವೆ ಇಷ್ಟು ಕಾಡುವುದು ಇದರಿಂದಲೇ.

ಕರ್ನಾಟಕದ ಹಳೆಯ ಬೈಕ್ ಸವಾರರಿಗೆ ಇದರ ಪರಿಚಯ ಚೆನ್ನಾಗಿಯೇ ಇದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1960ರ ದಶಕದ ಆರಂಭದಿಂದ 1996ರವರೆಗೆ ಹೊರಬಂದ ಜಾವಾ, ಯೆಜ್ಡಿ ಬೈಕುಗಳಲ್ಲಿ ಹಲವಕ್ಕೆ ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು. ಕೊಳವೆಯನ್ನು ಸಿಲಿಂಡರಿಗೆ ಹಿಡಿದಿದ್ದುದು ಬಳೆಯಂಥ ದೊಡ್ಡ ನಟ್ಟು. ಅದನ್ನು ಬಿಗಿಯಲು ಕೊಕ್ಕೆಯಾಕಾರದ ಸ್ಪ್ಯಾನರೇ ಬೇಕು. ಎರಡು ಸ್ಟ್ರೋಕಿನ ಎಂಜಿನ್ ಪ್ರತಿ ಸುತ್ತಿಗೂ ಒಮ್ಮೆ ಸಿಡಿಯುವುದರಿಂದ ನಿಮಿಷಕ್ಕೆ 3000 ಸುತ್ತಿನಲ್ಲಿ ಸೆಕೆಂಡಿಗೆ 50 ಪೆಟ್ಟು. ಉದ್ದನೆಯ ಸೈಲೆನ್ಸರಿನ ಹಿಂತುದಿಯನ್ನು ಚಾಸಿಗೆ ಹಿಡಿದ ಬೋಲ್ಟು ಸಡಿಲವಾಯಿತೆಂದರೆ ಇಡೀ ಕೊಳವೆ ಮೀಟುಗೋಲಿನಂತೆ ತೂಗಾಡಿ ಮುಂದಿನ ನಟ್ಟನ್ನು ಬಿಚ್ಚತೊಡಗುತ್ತದೆ. ಮುಂದಿನ ನಟ್ಟನ್ನು ಎಷ್ಟು ಸಲ ಬಿಗಿದರೂ ಹಿಂದಿನ ಆಧಾರ ನೋಡದಿದ್ದರೆ ಪ್ರಯೋಜನವಿಲ್ಲ ಎಂಬುದನ್ನು ಪಳಗಿದ ಮೆಕ್ಯಾನಿಕ್ಕುಗಳು ಯಾವ ಪುಸ್ತಕವನ್ನೂ ಓದದೆ ಅರಿತಿದ್ದರು.

ಬೀಗಗಳ ಸಾಲು

ನಟ್ಟಿಗೆ ಬೀಗ ಹಾಕುವ ಉಪಾಯಗಳು ನೂರೆಂಟು. ಅವುಗಳಲ್ಲಿ ಬೆಂಕಿಯ ಮುಂದೆ ನಿಲ್ಲುವವು ಕೆಲವೇ.

ಎಲ್ಲರಿಗೂ ಪರಿಚಿತವಾದದ್ದು ಸೀಳಿದ ಸ್ಪ್ರಿಂಗ್ ವಾಷರು. ನಟ್ಟಿನ ಕೆಳಗೆ ಇದನ್ನು ಹಾಕಿದರೆ ಸಾಕು ಎಂಬ ನಂಬಿಕೆ ಇಂದಿಗೂ ಇದೆ. ಆದರೆ ನಟ್ಟು ಪೂರ್ತಿ ಬಿಗಿಯುವ ಹೊತ್ತಿಗೆ ಅದು ಚಪ್ಪಟೆಯಾಗಿ ಸಾಮಾನ್ಯ ವಾಷರಿನಂತೆಯೇ ಆಗಿಬಿಡುತ್ತದೆ. ಬೀಗವಾಗಿ ಇದರಿಂದ ಉಪಯೋಗವಿಲ್ಲ ಎಂದು ಅಮೆರಿಕದ ನಾಸಾ ಸಂಸ್ಥೆ 1990ರಲ್ಲಿ ಪ್ರಕಟಿಸಿದ ಕೈಪಿಡಿಯೇ ಸ್ಪಷ್ಟವಾಗಿ ಹೇಳಿದೆ. ಹೊಗೆಕೊಳವೆಯ ಬಳಿಯಂತೂ ಸ್ಪ್ರಿಂಗಿನ ಉಕ್ಕು ಕಾದು ತನ್ನ ಹದವನ್ನೇ ಕಳೆದುಕೊಳ್ಳುತ್ತದೆ.

ಒಳಗೆ ನೈಲಾನ್ ಬಳೆಯಿರುವ ನಟ್ಟು ತಣ್ಣನೆಯ ಜಾಗದಲ್ಲಿ ಬಹಳ ಒಳ್ಳೆಯದು. ಸುಮಾರು 120 ಡಿಗ್ರಿಯವರೆಗೆ ಅದಕ್ಕೆ ಭಯವಿಲ್ಲ. ಆಮೇಲೆ ನೈಲಾನ್ ಮೆತ್ತಗಾಗುತ್ತದೆ. ರೈಟ್ ಸೋದರರ ಅಂಟಿನ ವಂಶಕ್ಕೆ ಸೇರಿದ್ದೆನ್ನಬಹುದಾದ ಇನ್ನೊಂದು ಉಪಾಯ 1953ರಲ್ಲಿ ಬಂತು. ಅಮೆರಿಕದ ಹಾರ್ಟ್‌ಫರ್ಡ್ ನಗರದ ಟ್ರಿನಿಟಿ ಕಾಲೇಜಿನ ರಸಾಯನಶಾಸ್ತ್ರದ ಪ್ರಾಧ್ಯಾಪಕ ವರ್ನನ್ ಕ್ರೀಬಲ್ ರೂಪಿಸಿದ ಈ ದ್ರವ ಗಾಳಿಯಿರುವ ತನಕ ದ್ರವವಾಗಿಯೇ ಇರುತ್ತದೆ. ಲೋಹದ ಎಳೆಗಳ ನಡುವೆ ಗಾಳಿಯಿಲ್ಲದಾಗ ಗಟ್ಟಿಯಾಗುತ್ತದೆ. ಲಾಕ್‌ಟೈಟ್ ಎಂಬ ಹೆಸರಿನಲ್ಲಿ ಅದು ಲೋಕಪ್ರಸಿದ್ಧವಾಯಿತು. ಅದರ ಬಾಟಲಿಯನ್ನು ಪೂರ್ತಿ ತುಂಬದೆ ಮಾರುವುದು ಜಿಪುಣತನದಿಂದಲ್ಲ, ಒಳಗೆ ಗಾಳಿ ಇರಲೆಂದು. ಆದರೆ ಸಾಮಾನ್ಯ ಬಗೆಯ ಈ ಅಂಟಿನ ಮಿತಿ 150 ಡಿಗ್ರಿ. ವಿಶೇಷ ಬಗೆಗಳು 200ರ ಆಚೆಗೂ ತಾಳುತ್ತವೆ. 500 ಡಿಗ್ರಿಯ ಕೊಳವೆಗೆ ಅವೂ ಸಾಲವು. ಅಂಟಿದ ಬೋಲ್ಟನ್ನು ಬಿಚ್ಚಲು ಕಾಯಿಸುವುದೇ ಕ್ರಮ ಎಂದ ಮೇಲೆ ಸದಾ ಕಾಯುವ ಜಾಗಕ್ಕೆ ಅದು ಒಗ್ಗದೆಂಬುದು ಸ್ಪಷ್ಟ.

ಬೆಂಕಿಯಲ್ಲಿ ಉಳಿಯುವುದು ಲೋಹವೊಂದೇ. ಹೀಗಾಗಿ ಹೊಗೆಕೊಳವೆಗೆ ಪೂರ್ತಿ ಲೋಹದ, ಬಾಯನ್ನು ಕೊಂಚ ಅಮುಕಿ ಅಂಡಾಕಾರ ಮಾಡಿದ ನಟ್ಟುಗಳನ್ನು ಬಳಸುತ್ತಾರೆ. ಅವು ಎಳೆಗಳನ್ನು ಕಚ್ಚಿ ಹಿಡಿಯುತ್ತವೆ. ಮೇಲೆ ತಾಮ್ರದ ಲೇಪವಿದ್ದರೆ ಕಚ್ಚಿಕೊಂಡು ಒಂದಾಗಿಬಿಡುವುದಿಲ್ಲ. ಹಳೆಯ ಕಾರುಗಳಲ್ಲಿ ಹಿತ್ತಾಳೆಯ ನಟ್ಟುಗಳಿದ್ದುದೂ ಇದೇ ಕಾರಣಕ್ಕೆ. ಹಿತ್ತಾಳೆ ತುಕ್ಕಿನಿಂದ ಉಕ್ಕಿಗೆ ಅಂಟಿಕೊಳ್ಳುವುದಿಲ್ಲ. ಬಿಚ್ಚುವಾಗ ಕೆಡುವುದಾದರೆ ಅಗ್ಗದ ನಟ್ಟು ಕೆಡುತ್ತದೆ, ಎಂಜಿನ್ನಿನಲ್ಲಿ ನೆಟ್ಟ ಸ್ಟಡ್ಡು ಉಳಿಯುತ್ತದೆ. ತೆಳು ತಗಡಿನ ಕಿವಿಯನ್ನು ನಟ್ಟಿನ ಪಕ್ಕಕ್ಕೆ ಮಡಚುವ ವಾಷರು, ಕಿರೀಟದಂಥ ನಟ್ಟಿನ ಸೀಳಿನಲ್ಲಿ ತೂರಿಸುವ ಪಿನ್ನು, ವಿಮಾನಗಳಲ್ಲಿ ಎರಡು ಬೋಲ್ಟುಗಳ ತಲೆಗೆ ತೂತು ಕೊರೆದು ಹೆಣೆಯುವ ತಂತಿ ಇವೆಲ್ಲ ಬಿಸಿಗೆ ಅಂಜುವುದಿಲ್ಲ. ಒಂದು ಬೋಲ್ಟು ಬಿಚ್ಚಿಕೊಳ್ಳಲು ಹೊರಟರೆ ಇನ್ನೊಂದು ಬಿಗಿಯುವಂತೆ ತಂತಿಯನ್ನು ಹೆಣೆಯುವುದರಲ್ಲಿ ಜಾಣ್ಮೆಯಿದೆ. ಆದರೆ ಒಂದು ಮಾತನ್ನು ನೆನಪಿಡಬೇಕು. ಇವು ನಟ್ಟು ತಿರುಗಿ ಉದುರದಂತೆ ಕಾಯುತ್ತವೆಯೇ ಹೊರತು ಹೋದ ಎಳೆತವನ್ನು ಮರಳಿ ತರಲಾರವು.

ಎಳೆತವನ್ನು ಉಳಿಸಲು ಬೇರೆ ದಾರಿಯೇ ಬೇಕು. ಬೋಲ್ಟನ್ನು ಉದ್ದ ಮಾಡುವುದು ಅದರಲ್ಲಿ ಒಂದು. 40ರ ಬದಲು 80 ಮಿಲಿಮೀಟರಿನ ಬೋಲ್ಟು, ಹೆಚ್ಚಿನ ಉದ್ದಕ್ಕೆ ಒಂದು ತೋಳುಗೊಳವೆ. ಅದೇ ಬಲಕ್ಕೆ ಅದು ಎರಡರಷ್ಟು ಹಿಗ್ಗಿರುತ್ತದೆ. ಗ್ಯಾಸ್ಕೆಟ್ಟು ಕೂದಲೆಳೆಯಷ್ಟು ತಗ್ಗಿದರೂ ಅರ್ಧ ಬಿಗಿ ಉಳಿದಿರುತ್ತದೆ. ಫ್ರಾನ್ಸಿನ ಜೂಲಿಯನ್ ಬೆಲ್ವಿಲ್ 1867ರಲ್ಲಿ ಪೇಟೆಂಟ್ ಪಡೆದ, ತಟ್ಟೆಯಂತೆ ಉಬ್ಬಿದ ವಾಷರು ಇನ್ನೊಂದು. ಅದು ಗಟ್ಟಿಯಾದ ಸ್ಪ್ರಿಂಗಿನಂತೆ ಹಿಗ್ಗುಕುಗ್ಗುಗಳನ್ನು ನುಂಗಿಕೊಳ್ಳುತ್ತದೆ. ಬಿಸಿಗೆ ತಕ್ಕ ಮಿಶ್ರಲೋಹದಲ್ಲಿ ಮಾಡಿದರೆ ಮಾತ್ರ.

ಮೂರನೆಯ ದಾರಿ ಎಲ್ಲಕ್ಕಿಂತ ವಿವೇಕದ್ದು. ಹಿಗ್ಗುವುದನ್ನು ತಡೆಯದೆ ಅದಕ್ಕೆ ಜಾಗ ಬಿಡುವುದು. ಮ್ಯಾನಿಫೋಲ್ಡಿನ ನಡುವಿನ ತೂತು ಬೋಲ್ಟಿಗೆ ಸರಿಯಾಗಿದ್ದು ತುದಿಯ ತೂತುಗಳು ಕೊಂಚ ದೊಡ್ಡದಾಗಿ, ಉದ್ದುದ್ದವಾಗಿ ಇರುವುದು ತಯಾರಕರ ಅಜಾಗರೂಕತೆಯಲ್ಲ. ಕೊಳವೆ ನಡುವಿನಿಂದ ಎರಡೂ ಕಡೆಗೆ ಬೆಳೆಯಲಿ ಎಂಬ ಉದ್ದೇಶ. ದೊಡ್ಡ ಡೀಸೆಲ್ ಎಂಜಿನ್ನುಗಳಲ್ಲಿ ಕೊಳವೆಯನ್ನೇ ತುಂಡುಗಳಾಗಿ ಮಾಡಿ ಒಂದರೊಳಗೊಂದು ಜಾರುವಂತೆ ಕೂಡಿಸುತ್ತಾರೆ. ಎಂಜಿನ್ ಅಡ್ಡಲಾಗಿ ಕುಳಿತಿರುವ ಅನೇಕ ಕಾರುಗಳಲ್ಲಿ ಕೊಳವೆಯ ಕೀಲು ಚೆಂಡಿನಂತೆ ದುಂಡಗಿದ್ದು ಸ್ಪ್ರಿಂಗುಗಳ ಒತ್ತಡದಲ್ಲಿ ನಿಂತಿರುತ್ತದೆ. ಎಂಜಿನ್ ಓಲಾಡಿದಂತೆ ಅದೂ ಓಲಾಡುತ್ತದೆ. ಬಿಗಿಯಾಗಿರಲೆಂದೇ ಒಂದಿಷ್ಟು ಸಡಿಲ ಬಿಡುವ ಉಪಾಯ ಇದು.

ಕಾಣದ ಅನಿಲ

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದು ಏಕೆ, ಸದ್ದು ಜಾಸ್ತಿಯಾದಾಗ ಬಿಗಿದರಾಯಿತಲ್ಲ ಎನ್ನುವವರುಂಟು. ಸದ್ದು ಇಲ್ಲಿ ಚಿಕ್ಕ ತೊಂದರೆ. ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಾಢವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ಮಂಕು, ತೂಕಡಿಕೆ ಇವೇ ಅದರ ಲಕ್ಷಣ. ದೂರ ಪ್ರಯಾಣದ ಆಯಾಸ ಎಂದುಕೊಂಡು ಚಾಲಕ ಸುಮ್ಮನಾಗಿಬಿಡಬಹುದು. ಎಂಜಿನ್ನಿನ ಬಾಯಲ್ಲೇ ಸೋರಿದ ಹೊಗೆ ಕೊನೆಯ ಕೊಳವೆಯಿಂದ ಹಿಂದಕ್ಕೆ ಹೋಗುವ ಬದಲು ಮುಂದೆಯೇ, ಚಾಲಕನ ಪಾದದ ಬಳಿಯೇ ಸುಳಿಯುತ್ತಿರುತ್ತದೆ.

2017ರ ಡಿಸೆಂಬರ್ 31ರಂದು ಆಸ್ಟ್ರೇಲಿಯಾದ ಸಿಡ್ನಿಯ ಉತ್ತರಕ್ಕೆ ಹಾಕ್ಸ್‌ಬರಿ ನದಿಯ ಪ್ರದೇಶದಲ್ಲಿ ಬೀವರ್ ಎಂಬ ಬಗೆಯ ಸಣ್ಣ ಜಲವಿಮಾನವೊಂದು ಮೇಲೇರಿದ ಸ್ವಲ್ಪ ಹೊತ್ತಿಗೇ ನೀರಿಗೆ ಅಪ್ಪಳಿಸಿತು. ಪೈಲಟ್ ಮತ್ತು ಐವರು ಪ್ರಯಾಣಿಕರು, ಆರೂ ಮಂದಿ ಸತ್ತರು. ಪೈಲಟ್ ಅನುಭವಿ. ಕಾರಣ ತಿಳಿಯಲು ಮೂರು ವರ್ಷ ಹಿಡಿಯಿತು. 2021ರ ಜನವರಿಯಲ್ಲಿ ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿ ನೀಡಿದ ಅಂತಿಮ ವರದಿ, ಪೈಲಟ್ಟಿನ ರಕ್ತದಲ್ಲಿ ಕಾರ್ಬನ್ ಮಾನಾಕ್ಸೈಡ್ ಇದ್ದುದನ್ನೂ ಅದು ಅವನ ಸಾಮರ್ಥ್ಯವನ್ನು ಕುಂದಿಸಿರುವ ಸಾಧ್ಯತೆಯನ್ನೂ ಹೇಳಿತು. ಅನಿಲ ಒಳಗೆ ಬಂದದ್ದು ಹೇಗೆ? ಎಂಜಿನ್ನಿನ ಹೊಗೆಕೊಳವೆಯ ಬಳೆಯಲ್ಲಿ ಮೊದಲೇ ಬಿರುಕುಗಳಿದ್ದವು. ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವೆ ಇರುವ ಬೆಂಕಿತಡೆ ಗೋಡೆಯ ಮುಚ್ಚಳದಲ್ಲಿ ಕೆಲವು ಬೋಲ್ಟುಗಳು ಇರಲಿಲ್ಲ. ಖಾಲಿ ತೂತುಗಳು ಅನಿಲಕ್ಕೆ ದಾರಿಯಾದವು. ಸಣ್ಣ ವಿಮಾನಗಳಲ್ಲಿ ಈ ಅನಿಲವನ್ನು ಪತ್ತೆಹಚ್ಚಿ ಎಚ್ಚರಿಸುವ ಎಲೆಕ್ಟ್ರಾನಿಕ್ ಸಾಧನ ಇರಬೇಕೆಂದು ಮಂಡಳಿ ಶಿಫಾರಸು ಮಾಡಿತು.

ಬಿರುಕು ಒಂದೇ ಇದ್ದಿದ್ದರೆ ಹೊಗೆ ಹೊರಗಿನ ಗಾಳಿಗೆ ಹೋಗಬಹುದಿತ್ತು. ಬೋಲ್ಟುಗಳಷ್ಟೇ ಇಲ್ಲದಿದ್ದರೆ ತೂತಿನಿಂದ ಬರಿಯ ಗಾಳಿ ಬರಬಹುದಿತ್ತು. ಎರಡೂ ಕೂಡಿದಾಗ ಅನಾಹುತಕ್ಕೆ ದಾರಿಯಾಯಿತು. ಕೈಬೆರಳಿನಷ್ಟೂ ಇಲ್ಲದ ಬೋಲ್ಟಿನ ಬೆಲೆ ಇಂಥಲ್ಲಿ ತಿಳಿಯುತ್ತದೆ.

ರಸ್ತೆಯ ವಾಹನಗಳಲ್ಲೂ ಈಗ ಈ ಕೀಲುಗಳ ಮಹತ್ವ ಹೆಚ್ಚಿದೆ. 2020ರ ಏಪ್ರಿಲ್‌ನಿಂದ ಭಾರತದಲ್ಲಿ ಜಾರಿಯಲ್ಲಿರುವ ಬಿಎಸ್-6 ನಿಯಮದ ವಾಹನಗಳಲ್ಲಿ ಹೊಗೆಯನ್ನು ಶುದ್ಧಗೊಳಿಸುವ ಪರಿವರ್ತಕವೂ ಆಮ್ಲಜನಕವನ್ನು ಅಳೆಯುವ ಸಂವೇದಕವೂ ಕೊಳವೆಯಲ್ಲೇ ಕುಳಿತಿರುತ್ತವೆ. ಅವುಗಳಿಗಿಂತ ಮುಂಚೆ ಕೀಲು ಸೋರಿದರೆ ಹೊರಗಿನ ಗಾಳಿ ಒಳನುಗ್ಗಿ ಸಂವೇದಕಕ್ಕೆ ತಪ್ಪು ಲೆಕ್ಕ ಕೊಡುತ್ತದೆ. ಎಂಜಿನ್ ಅಗತ್ಯಕ್ಕಿಂತ ಹೆಚ್ಚು ಇಂಧನ ಕುಡಿಯತೊಡಗುತ್ತದೆ.

ಕೈಕೆಲಸದ ಪಾಠ

ಇಷ್ಟು ತಿಳಿದ ಮೇಲೆ ಒಳ್ಳೆಯ ಮೆಕ್ಯಾನಿಕ್ಕಿನ ಕ್ರಮಗಳ ಹಿಂದಿನ ಅರ್ಥ ಹೊಳೆಯುತ್ತದೆ. ಕೂಡುವ ಮುಖಗಳಿಂದ ಮಸಿ, ತುಕ್ಕು, ಹಳೆಯ ಗ್ಯಾಸ್ಕೆಟ್ಟಿನ ಚೂರುಗಳನ್ನು ಪೂರ್ತಿ ಕೆರೆದು ತೆಗೆಯುತ್ತಾನೆ; ಅವು ಸುಟ್ಟರೆ ಕೂದಲೆಳೆಯಷ್ಟು ಜಾಗ ಬಿಡುತ್ತವಲ್ಲ! ಹೊಸ ಗ್ಯಾಸ್ಕೆಟ್ಟನ್ನೇ ಹಾಕುತ್ತಾನೆ. ಮೊದಲು ಎಲ್ಲ ನಟ್ಟು, ಎಲ್ಲ ಆಧಾರಗಳನ್ನೂ ಸಡಿಲವಾಗಿ ಕೂರಿಸಿ, ಕೊಳವೆ ಎಲ್ಲೂ ಜಗ್ಗಿಲ್ಲವೆಂದು ನೋಡಿಕೊಂಡು, ಆಮೇಲೆ ನಡುವಿನಿಂದ ತುದಿಯ ಕಡೆಗೆ ಎರಡು ಮೂರು ಸುತ್ತಿನಲ್ಲಿ ಬಿಗಿಯುತ್ತಾನೆ. ಬಿಗಿಯ ಅಳತೆಯನ್ನು ತಯಾರಕರು ಹೇಳಿದಷ್ಟೇ ಇಡುತ್ತಾನೆ. ಎಳೆಗೆ ತಾಮ್ರದ ಅಥವಾ ನಿಕಲ್ಲಿನ ಲೇಪ ಹಚ್ಚಿದ್ದರೆ ತಿಕ್ಕಾಟ ಕಡಿಮೆಯಾಗಿ ಅದೇ ಕೈಬಲಕ್ಕೆ ಬೋಲ್ಟು ಹೆಚ್ಚು ಹಿಗ್ಗುವುದರಿಂದ ಅಲ್ಲಿ ಕೈ ಹಗುರ ಮಾಡುತ್ತಾನೆ. ಕೊಂಚ ಹೆಚ್ಚೇ ಇರಲಿ ಎಂದು ಉದ್ದನೆಯ ಪೈಪು ಸಿಕ್ಕಿಸಿ ಬಿಗಿಯುವುದು ಸ್ಟಡ್ಡನ್ನು ಅದರ ಮಿತಿ ಮೀರಿ ಎಳೆಯುವ ಕೆಲಸ. ಮಿತಿ ಮೀರಿ ಹಿಗ್ಗಿದ ಸ್ಪ್ರಿಂಗು ಮತ್ತೆ ಸ್ಪ್ರಿಂಗಲ್ಲ.

ಕೊನೆಯ ಕ್ರಮವೇ ಬಹಳ ಜನ ಮರೆಯುವುದು. ಎಂಜಿನ್ನನ್ನು ಪೂರ್ತಿ ಬಿಸಿಯಾಗುವವರೆಗೆ ಓಡಿಸಿ, ಪೂರ್ತಿ ತಣ್ಣಗಾಗಲು ಬಿಟ್ಟು, ಮತ್ತೊಮ್ಮೆ ಬಿಗಿಯನ್ನು ಪರೀಕ್ಷಿಸುವುದು. ಮೊದಲ ಬಿಸಿಗೆ ಗ್ಯಾಸ್ಕೆಟ್ಟು ತಗ್ಗಬೇಕಾದಷ್ಟು ತಗ್ಗಿರುತ್ತದೆ. ಹಲವು ಪದರಗಳ ಉಕ್ಕಿನ ಹೊಸ ಬಗೆಯ ಗ್ಯಾಸ್ಕೆಟ್ಟುಗಳಿಗೆ ಇದು ಬೇಡವೆಂದು ತಯಾರಕರೇ ಹೇಳುವುದುಂಟು. ಹೇಳದಿದ್ದ ಕಡೆ ಆ ತಾಳ್ಮೆ ವರ್ಷಗಟ್ಟಲೆ ಬಾಳಿಕೆ ಕೊಡುತ್ತದೆ.

ಗಾಡಿಯ ಕಾಲದ ರೈತ ಸಂತೆಗೆ ಹೊರಡುವ ಮೊದಲು ಗಾಲಿಯ ಕಡಾಣಿಯನ್ನು ಕೈಯಿಂದ ಮುಟ್ಟಿ ನೋಡುತ್ತಿದ್ದ. ಅಚ್ಚಿನ ತುದಿಯಲ್ಲಿ ತೂರಿಸಿದ ಆ ಚಿಕ್ಕ ಕೀಲು ಉದುರಿದರೆ ಗಾಲಿಯೇ ಕಳಚುತ್ತದೆಂದು ಅವನಿಗೆ ಗೊತ್ತಿತ್ತು. ಬಿಸಿಲಿಗೆ ಮರ ಒಣಗಿ ಪಟ್ಟಿ ಸಡಿಲವಾಗಿದೆಯೆಂದು ಕಂಡರೆ ಗಾಲಿಯನ್ನು ಹೊಳೆಯಲ್ಲಿ ನೆನೆಹಾಕಿ ಮರ ಉಬ್ಬುವಂತೆ ಮಾಡುತ್ತಿದ್ದ. ಗಾಡಿ ಹೋಗಿ ಮೋಟಾರು ಬಂತು, ಬೆರಣಿಯ ಬೆಂಕಿಯ ಜಾಗದಲ್ಲಿ ಪೆಟ್ರೋಲಿನ ಬೆಂಕಿ ಬಂತು. ಲೋಹ ಹಿಗ್ಗುವ ನಿಯಮ ಬದಲಾಗಲಿಲ್ಲ. ಹೊರಡುವ ಮೊದಲು ಒಮ್ಮೆ ಮುಟ್ಟಿ ನೋಡಬೇಕೆಂಬ ನಿಯಮವೂ ಬದಲಾಗಿಲ್ಲ. ಎಂಜಿನ್ ತಣ್ಣಗಿರುವಾಗ ಎಂಬುದೊಂದನ್ನು ಅದಕ್ಕೆ ಸೇರಿಸಿಕೊಂಡರೆ ಸಾಕು.